ಕೆಂಪು ದಾರದ ಕೋಳಿಗಳು

ಅಜ್ಜಿಯ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಕೊಕ್ಕರೆ ರೋಗ ಬಡಿದು ಅಂಗಳದ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತಾಗ, ಹೇಗೋ ಜೀವ ಗಟ್ಟಿ ಮಾಡಿಕೊಂಡು ಎದ್ದು ನಿಂತ ಕೋಳಿಯ ಕಾಲಿಗೆ ಅವಳು ಕೆಂಪು ದಾರ ಕಟ್ಟುತ್ತಿದ್ದಳು. ಅದರ ಮೇಲೆ ಯಾರೂ ಕತ್ತಿ ಎತ್ತುವಂತಿಲ್ಲ. "ಕೋಳಿ ಕೇಳಿ ಯಾರಾದ್ರೂ ಖಾರ ಅರೀತಾರೇನೇ?" ಎಂದು ಅಜ್ಜ ಗೊಣಗಿದರೆ, "ಇದನ್ನ ಕೇಳ್ಬೇಕು. ಸಾವಿನ ಮುಖ ನೋಡಿ ವಾಪಸ್ ಬಂದಿದೆ" ಎನ್ನುತ್ತಿದ್ದಳು. ಪಾಪ, ಅಜ್ಜ ಸೊಪ್ಪು ತಿಂದು ಏಳುತ್ತಿದ್ದ.

ಮೊಮ್ಮಗಳು ಈಗ ಕೋಳಿ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರು. ಅಜ್ಜಿ ಹೋದ ಮೇಲೆ ದಾರ ಕಟ್ಟಿಸಿಕೊಂಡ ಆ ಕೋಳಿಗಳ, ಕತ್ತಿನಲ್ಲಿ ಪುಕ್ಕವಿಲ್ಲದ ಬೋಳುಕತ್ತಿನ ಸಂತತಿಯನ್ನು ಸಾಕಿಕೊಂಡು ಬಂದವಳು ಚಿಕ್ಕಮ್ಮ. ಅವಳಿಂದ ಮೊಟ್ಟೆ ತಂದು ಮರಿ ಮಾಡಿಸಿ, ಅರ್ಧದಷ್ಟನ್ನು ದೂರದ ಶೆಡ್ಡಿನಲ್ಲಿ ಕ್ಷೇಮವಾಗಿಟ್ಟು, ಉಳಿದವನ್ನು ಫಾರಂ ತಳಿಯ ಜೊತೆ ಮುಚ್ಚಿದ ಕೋಣೆಗೆ ಬಿಟ್ಟು, ಕೈಯಾರೆ ವೈರಸ್ಸಿನ ಹನಿ ಹಾಕಿದ್ದಳು. ರೋಗ ತಡೆಯುವ ಗುಣ ಯಾವ ತಳಿಯ ರಕ್ತದಲ್ಲಿದೆ ಎಂಬುದಕ್ಕೆ ಅದೇ ಪರೀಕ್ಷೆ.

ಫಾರಂ ಕೋಳಿಗಳು ಒಂದೊಂದಾಗಿ ಸತ್ತವು. ಬೋಳುಕತ್ತಿನವು ಮಂಕಾಗಿ ಕೂತಿದ್ದು, ಆಮೇಲೆ ಕಾಳಿಗೆ ಜಗಳ ತೆಗೆದವು. ಅಜ್ಜಿಯ ಅಂಗಳದ್ದೇ ಜಗಳ. ಗಾಜಿನಾಚೆ ನಿಂತವಳಿಗೆ ಆ ಧೂಳು, ಕಾಳು ಎರಚುತ್ತಿದ್ದ ಆ ಕೈ, ಎಲ್ಲ ಒಮ್ಮೆಲೇ ನೆನಪಾದವು.

ಖುಷಿ ತಡೆಯಲಾರದೆ ಚಿಕ್ಕಮ್ಮನಿಗೆ ಫೋನು ಮಾಡಿದಳು. "ಅಜ್ಜಿ ನಮಗಿಂತ ಮೊದ್ಲೇ ತಳಿ ಆರಿಸಿದ್ಲು ಚಿಕ್ಕಮ್ಮ."

"ತಳಿಯೂ ಇಲ್ಲ ಗಿಳಿಯೂ ಇಲ್ಲ. ಮಡಿಲಲ್ಲಿಟ್ಟು ನೀರು ಕುಡಿಸಿದ್ದನ್ನ ಕೊಯ್ಯೋಕೆ ಅಮ್ಮನಿಗೆ ಮನಸ್ಸು ಬರ್ತಿರ್ಲಿಲ್ಲ, ಅಷ್ಟೇ. ಅದಿರ್ಲಿ, ಗೆದ್ದವಕ್ಕೆ ದಾರ ಕಟ್ಟಿದ್ಯಾ?"

"ಕಟ್ತೀನಿ" ಎಂದಳು.

ಆದರೆ ಆ ಕೋಣೆಗೂ ಒಂದು ಕಟ್ಟುಪಾಡಿತ್ತು. ವೈರಸ್ ಹೊಕ್ಕ ಹಕ್ಕಿ, ಗೆದ್ದರೂ ಸರಿ, ಜೀವಂತ ಹೊರಗೆ ಬರುವಂತಿಲ್ಲ. ಬಂದರೆ ಅದರ ಬೆನ್ನಿಗೇ ರೋಗವೂ ಬಂದೀತು; ಪರೀಕ್ಷೆ ಮುಗಿದೊಡನೆ ಅಲ್ಲೇ ಕೊಲ್ಲಬೇಕು. ಆ ನಿಯಮ ಮಾಡಿದವರಲ್ಲಿ ಅವಳೂ ಒಬ್ಬಳು. ಸಂತತಿ ಮುಂದುವರಿಯುವುದು ದೂರದ ಶೆಡ್ಡಿನ ಒಡಹುಟ್ಟುಗಳಿಂದ. ಬುದ್ಧಿಗೆ ಎಲ್ಲವೂ ಸರಿಯಾಗಿಯೇ ಕಂಡಿತು.

ಮಧ್ಯಾಹ್ನ ಸಹಾಯಕನನ್ನು ಊಟಕ್ಕೆ ಕಳಿಸಿ, ಕೆಂಪು ದಾರದ ಉಂಡೆ ಹಿಡಿದು ಒಬ್ಬಳೇ ಒಳಗೆ ಹೋದಳು. ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಕಾಲಿಗೆ ಗಂಟು ಹಾಕಿದಳು. ಅಜ್ಜಿ ಕಟ್ಟುತ್ತಿದ್ದ ಹಾಗೆಯೇ, ತುಸು ಸಡಿಲವಾಗಿ, ಮುಂದೆ ಕಾಲು ದಪ್ಪವಾದರೂ ಬಿಗಿಯದಂತೆ. ಆಮೇಲೆ ಮಾಡಬೇಕಾದ ಕೆಲಸವನ್ನೂ ತಾನೇ ಮಾಡಿದಳು.

ಸಂಜೆ ಚಿಕ್ಕಮ್ಮನೇ ಫೋನು ಮಾಡಿದಳು.

"ಕಟ್ಟಿದ್ಯೇನೇ?"

"ಕಟ್ಟಿದೆ."

"ಸದ್ಯ. ಇನ್ನು ಅವಕ್ಕೆ ಯಾರ ಭಯಾನೂ ಇಲ್ಲ ಬಿಡು."

"ಹೂಂ ಚಿಕ್ಕಮ್ಮ" ಎಂದಳು.