ಭಾಗಮ್ಮನನ್ನು ಕೇಳದೆ ಆದ ಹುಕುಂ

ಕಮಲಾಪುರದ ಭಾಗಮ್ಮನ ಬಾಳೆತೋಟದ ಬೇಲಿ ಕಿತ್ತು ಬಿದ್ದಿತ್ತು. ಕೆಂಪು ಬಾಳೆಗೊನೆಗಳು ಆಗಷ್ಟೇ ಬಣ್ಣ ಕಟ್ಟಿದ್ದವು. "ತಹಶೀಲ್ದಾರರ ಹುಕುಂ ಆಗೇದ. ಸೋಮವಾರದೊಳಗ ಜಮೀನು ಬಿಡ್ರಿ," ಎಂದು ಜಾಗೀರದಾರರ ದೊಡ್ಡ ಮನೆಯ, ಅಂದರೆ ದೇವಡಿಯ, ಗುಮಾಸ್ತ ಹೇಳಿ ಹೋಗಿದ್ದ. ಆ ಜಮೀನನ್ನು ಗಂಡ ಹೆಂಡತಿ ಜಾಗೀರದಾರರಿಂದ ಗೇಣಿಗೆ ಪಡೆದಿದ್ದರು. ಪೊಲೀಸ್ ಆಕ್ಷನ್ ಆಗಿ ಹಳೆಯ ದೊರೆಯ ಆಳ್ವಿಕೆ ಮುಗಿಯಿತು, ಜಾಗೀರುಗಳು ರದ್ದಾದವು. ಈ ಗುಮಾಸ್ತನ ಗತ್ತು ಮಾತ್ರ ರದ್ದಾಗಿರಲಿಲ್ಲ.

ಗಂಡ ದೌಲಪ್ಪ ಕುಡುಗೋಲು ಹಿಡಿದ. "ಒಂದು ಗೊನಿ ಕೊಯ್ದು ದೇವಡಿಗೆ ನಜರಾನಾ ಒಯ್ಯತೀನಿ. ಕಾಲು ಹಿಡಿದ್ರ ಕರಗ್ತಾರ."

ಭಾಗಮ್ಮನ ಮೈ ಉರಿಯಿತು. "ಬೇಲಿ ಕಿತ್ತವರಿಗೇ ಹಣ್ಣು ಕೊಡ್ತೀರಿ? ನಾಚಿಕಿ ಇಲ್ಲೇನು ನಿಮಗ?"

ಗದ್ದಲ ಕೇಳಿ ಪಕ್ಕದ ಹೊಲದ ಚಾಂದಪಾಶಾ ಬಂದ. ಹೋದ ವರ್ಷ ಅವನ ಹೊಲಕ್ಕೂ ಇದೇ ಗತಿ ಬಂದಿತ್ತು. ಕಚೇರಿಯಲ್ಲಿ ಜಗಳವಾಡಿ ಉಳಿಸಿಕೊಂಡಿದ್ದ.

"ಅಕ್ಕಾ, ಕಚೇರಿಯವರು ನಿಮ್ಮನ್ನ ಕರದು ಕೇಳ್ಯಾರೇನು?"

"ಯಾರೂ ಕೇಳಿಲ್ಲ!"

"ಕೇಳದ ಹುಕುಂ ನಿಲ್ಲಂಗಿಲ್ಲ. ಮೊದಲು ದೇವಡಿಯವರು ಅಂದದ್ದೇ ಕಾಯ್ದಾ. ಈಗ ಜಮೀನಿಗೊಂದು, ರೇಷನ್ ಕಾಳಿಗೊಂದು ಸರಕಾರಿ ಕಚೇರಿ ಆಗ್ಯಾವ. ಅವರಿಗೆ ಅಧಿಕಾರ ಕೊಟ್ಟ ಕಾಯ್ದಾನೇ ಅವರ ಕೈನೂ ಕಟ್ಟೇದ. ಎರಡೂ ಕಡೆ ಕೇಳಬೇಕು, ಕಾರಣ ಬರೀಬೇಕು. ತಪ್ಪಾದ್ರ ಮ್ಯಾಲಿನ ಸಾಹೇಬರಿದ್ದಾರ."

"ದೊಡ್ಡವರ ಎದುರು ನಮ್ಮ ಮಾತು ಯಾರು ಕೇಳ್ತಾರ?" ಎಂದು ದೌಲಪ್ಪ ಗೊಣಗಿದ.

ಮರುದಿನ ಮೂವರೂ ಕಲಬುರಗಿಯ ತಹಶೀಲ ಕಚೇರಿಯಲ್ಲಿದ್ದರು. ದೌಲಪ್ಪ ತಾನಾಗಿಯೇ ಜಮೀನು ಬಿಟ್ಟಿದ್ದಾನೆಂದು ಗುಮಾಸ್ತ ಹೇಳಿದ್ದನೆಂಬುದು ಅಲ್ಲಿ ತಿಳಿಯಿತು. ಅದನ್ನೇ ನಂಬಿ ತಹಶೀಲ್ದಾರರು ಹುಕುಂ ಹೊರಡಿಸಿದ್ದರು. ಭಾಗಮ್ಮ ತಕರಾರು ಎತ್ತಿದ ಮೇಲೆ ಅವರು ಗುಮಾಸ್ತನನ್ನೂ ಕರೆಸಿ, ದೌಲಪ್ಪನನ್ನು ಕೇಳಿದರು: "ನೀನಾಗೇ ಬಿಟ್ಟಿದ್ದು ಖರೇನಾ?"

ದೇವಡಿಯಲ್ಲಿ ಏನೇ ಕೇಳಲಿ, ಕೈಮುಗಿದು ಒಂದೇ ಉತ್ತರ ಕೊಡುವುದು ದೌಲಪ್ಪನಿಗೆ ರೂಢಿ. ಗುಮಾಸ್ತನ ಮುಖ ಕಂಡದ್ದೇ, "ಹುಜೂರ್ ಅಂದಂಗ್ರೀ," ಎಂದುಬಿಟ್ಟ.

ತಹಶೀಲ್ದಾರರು ಬರೆಯಲು ಬಗ್ಗಿದರು. ಭಾಗಮ್ಮ ಮೇಜು ಬಡಿದಳು. "ಬರೀಬ್ಯಾಡ್ರಿ! ಅಂಜಿ ಅಂದಾರ ಅವರು. ಏನ್ರೀ, ನಿಮಗ ಬಾಯಿಲ್ಲೇನು? ಬಿಟ್ಟೀರೋ, ಇಲ್ಲೋ?"

ದೌಲಪ್ಪ ಗುಮಾಸ್ತನಿಂದ ಮುಖ ತಿರುಗಿಸಿದ. "ಬಿಟ್ಟಿಲ್ಲರೀ. ಬಿಡಂಗೂ ಇಲ್ಲ."

ಹಳೆಯ ಹುಕುಂ ಅಲ್ಲೇ ರದ್ದಾಯಿತು. ಎರಡೂ ಕಡೆಯ ವಿಚಾರಣೆಗೆ ದಿನ ಗೊತ್ತಾಯಿತು. "ಆವತ್ತು ನಾನೇ ಮಾತಾಡ್ತೀನಿ," ಎಂದ ದೌಲಪ್ಪ, ಮೆಟ್ಟಿಲಿಳಿಯುತ್ತ.

ಅಕ್ಕಂದಿರೇ, ಅಣ್ಣಂದಿರೇ, ಕಚೇರಿ ಯಾರ ದೇವಡಿಯೂ ಅಲ್ಲ. ನಿಮ್ಮ ಮಾತು ಕೇಳದೆ ಹುಕುಂ ಬಂದರೆ ಸುಮ್ಮನೆ ಕೈಮುಗಿಯಬೇಡಿ. ಕಾರಣ ಕೇಳಿ, ತಕರಾರು ಕೊಡಿ, ಮೇಲಿನವರಿಗೆ ಅಪೀಲು ಹೋಗಿ. ನೀವು ಬಾಯಿ ಮುಚ್ಚಿದರೆ ನಿಮ್ಮ ಪರವಾಗಿ ಗುಮಾಸ್ತನೇ ಮಾತಾಡುತ್ತಾನೆ.