ಕಹಳೆಯಣ್ಣ ಹೇಳದ ಮಾತು

"ಅದನ್ನ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಆಮೇಲೆ ಒಳಗೆ ಬನ್ನಿ," ಎಂದು ಅವಳು ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತುಬಿಟ್ಟಳು.

ಅವಳ ಗಂಡನ ಹೆಣ ಹೊರಲು ಬಂದಿದ್ದ ಹಮಾಲರು ಮುಖ ಮುಖ ನೋಡಿಕೊಂಡರು. ಎಲ್ಲರ ಎದೆಯ ಮೇಲೂ ಬೀಗದ ಚುನಾವಣಾ ಗುರುತಿನ ಬಿಲ್ಲೆ. ಹೋದ ವಾರ ಅದೇ ಜಾಗದಲ್ಲಿ ಮೇಜಿನ ಗುರುತಿತ್ತು. ಅಂಗಿಯಲ್ಲಿ ಆ ಪಿನ್ನಿನ ತೂತು ಇನ್ನೂ ಹಾಗೇ ಇತ್ತು.

ಹಮಾಲರ ಸಂಘದ ಅಧ್ಯಕ್ಷ ಮೊದಲು ತನ್ನದನ್ನು ಕಿತ್ತ. ಮೂಗಿನಲ್ಲಿ ಮಾತಾಡುವ ಆಸಾಮಿ. ನೆಗಡಿ ಇಲ್ಲದ ದಿನವೂ ನೆಗಡಿ ಬಂದವನಂತೆ ಕೇಳಿಸುತ್ತಿದ್ದ.

"ಸಾವಿನ ಮನೇಲಿ ರಾಜಕೀಯ ಮಾಡ್ತೀವಾ ಅತ್ತಿಗೆ? ಅಣ್ಣ ನಮ್ಮೋನು."

"ಆ ಮಾತು ಹೇಳಲ್ಲ ಅಂದಿದ್ರು ಅವರು. ಹೇಳದೇನೇ ಹೋಗ್ಲಿ. ಕೊನೆಗೆ ಬೀಗದ ಕಡೆ ಬಂದಿದ್ರು ಅಂತ ಯಾರೂ ಸಾರಬಾರದು. ಅಷ್ಟು ನಡೆಸಿಕೊಡಿ."

"ನಿಮ್ಮಾಣೆ ಅತ್ತಿಗೆ. ಯಾರೂ ತುಟಿ ಪಿಟಕ್ ಅನ್ನಲ್ಲ."

ಅವಳು ಕೈ ಇಳಿಸಿದಳು. ಇಳಿಸದೆ ವಿಧಿಯಿರಲಿಲ್ಲ, ಹೊರಲು ಅವರೇ ಬೇಕಿತ್ತು.

ಹೊರಗೆ ಜಗಲಿಯ ಮೇಲೆ ಮುದಿ ಹಮಾಲನೊಬ್ಬ ಪಕ್ಕದವನನ್ನು ತಿವಿದ. "ಈಗ ನಾವು ಯಾರ ಕಡೆಯೋ?"

"ಬೆಳಿಗ್ಗೆ ಎದ್ದಾಗ ಬೀಗ. ಸಾಯಂಕಾಲದ್ದು ಗೊತ್ತಿಲ್ಲ."

"ಸುಮ್ನಿರ್ರೋ, ಹೆಣ ಇದೆ ಒಳಗೆ," ಎಂದು ಮೂರನೆಯವನು ಗದರಿದ.

ಒಳಗೆ ನಾದಿನಿ ಕೋಣೆ ಗುಡಿಸುತ್ತ ಕಿಟಕಿಯ ಕಟ್ಟೆಯ ಮೇಲಿದ್ದ ಲೋಟಕ್ಕೆ ಕೈ ಹಾಕಿದಳು. "ತೊಳೆದಿಡ್ಲಾ ಅತ್ತಿಗೆ?"

"ಬೇಡ. ಅಲ್ಲೇ ಇರ್ಲಿ."

* * *

ತರಕಾರಿ ಮಂಡಿಯಲ್ಲಿ ಅವನಿಗೆ ಕಹಳೆಯಣ್ಣ ಎಂದೇ ಹೆಸರು. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಲಾರಿ ಹಿಂದಕ್ಕೆ ಸರಿಯುತ್ತಿತ್ತು. ಚುನಾವಣೆ ಬಂತೆಂದರೆ, ಸಂಘ ಯಾರ ಬೆನ್ನಿಗೆ ನಿಲ್ಲುತ್ತದೋ ಅವರ ಪ್ರಚಾರದ ವ್ಯಾನಿನಲ್ಲಿ ಅವನದೇ ದನಿ. ಈ ಸಲ ಇದೇ ಕೋಣೆಯಲ್ಲಿ ಮೊಬೈಲಿನ ಮುಂದೆ ಕೂರಿಸಿ ರೆಕಾರ್ಡ್ ಮಾಡಿಕೊಂಡಿದ್ದರು. "ನಮ್ಮ ಗುರುತು ಮೇಜು" ಎಂದವನಿಗೆ ಕೆಮ್ಮು ಬಂತು. ಮೂಟೆಯ ಧೂಳು ಕುಡಿದ ಕೆಮ್ಮು: ಮೊದಲು ಒಂದು, ಸ್ವಲ್ಪ ತಡೆದು ಎರಡು. ಅದು ಕಿವಿಗೆ ಬಿದ್ದರೆ ಅವಳು ಒಲೆಯ ಮುಂದಿದ್ದರೂ ನೀರಿನ ಲೋಟ ಹಿಡಿದು ಬರುತ್ತಿದ್ದಳು. ಅಂದೂ ಬಂದಳು.

"ಕೆಮ್ಮು ಇರ್ಲಿ ಬಿಡಣ್ಣ, ನೀನೇ ಅಂತ ಜನಕ್ಕೆ ಗೊತ್ತಾಗುತ್ತೆ," ಎಂದು ಅಧ್ಯಕ್ಷ ನಕ್ಕಿದ್ದ.

ವಾರ ಕಳೆಯುವುದರೊಳಗೆ ಸಂಘ ಮಗ್ಗುಲು ಬದಲಿಸಿತು. ಅಧ್ಯಕ್ಷ ಮತ್ತೆ ಬಂದ. "ಬೀಗದೋರು ಮಂಡಿಗೆ ಸೂರು ಹಾಕಿಸ್ತಾರಂತೆ. ಎಷ್ಟು ದಿನ ಬಿಸಿಲಲ್ಲಿ ಬೇಯೋದು? ಗುರುತೊಂದು ಬದಲಾಯಿಸಿ ಹೇಳಣ್ಣ, ಮಿಕ್ಕಿದ್ದೆಲ್ಲ ಅದೇ."

"ಮೂಟೆ ಯಾರದ್ದಾದ್ರೂ ಹೊರ್ತೀನಿ ಕಣೋ. ಮಾತು ಹಂಗಲ್ಲ. ನಿನ್ನೆ ಮೇಜು ಅಂದ ಬೀದೀಲಿ ಇವತ್ತು ಬೀಗ ಅಂದ್ರೆ, ಜನ ನನ್ನ ಯಾವ ಮುಖಕ್ಕೆ ಉಗೀಬೇಕು?"

ಅಧ್ಯಕ್ಷ ಹೋದ ಮೇಲೆ ಅವಳೇ ರೇಗಿದಳು. "ಹೇಳಿಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ? ನಾಳೆ ಅವರು ಕೆಲಸಕ್ಕೆ ಕರೀದೆ ಹೋದ್ರೆ ನಿಮ್ಮ ಮಾತನ್ನೇ ಬೇಯಿಸಿ ಹಾಕ್ಲಾ?"

ಅವನು ಗೋಡೆಯ ಕಡೆ ತಿರುಗಿ ಮಲಗಿದ. ರಾತ್ರಿ ಕೆಮ್ಮಿದ. ಅವಳಿಗೆ ಎಚ್ಚರವಿತ್ತು, ಸಿಟ್ಟಿನಲ್ಲಿ ಹಾಸಿಗೆ ಬಿಟ್ಟು ಏಳಲಿಲ್ಲ. ಅವನೇ ಎದ್ದು ತಡಕಾಡಿ ನೀರು ಕುಡಿದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಬೆಳಿಗ್ಗೆ ಮಾತಿಲ್ಲದೆ ಕೆಲಸಕ್ಕೆ ಹೋದ. ಮಧ್ಯಾಹ್ನ ಎದೆ ಹಿಡಿದುಕೊಂಡು ಮಂಡಿಯಲ್ಲೇ ಕುಸಿದ ಎಂದು ಸುದ್ದಿ ಬಂತು.

* * *

ಹೆಣ ಮಲಗಿಸಿದ ಹಲಗೆ ಎತ್ತಿದರು. ಮುಂದಿನ ಹೆಗಲು ಅಧ್ಯಕ್ಷನದು. ಅವನ ಕಣ್ಣಲ್ಲಿ ನೀರಿತ್ತು, ನಟನೆಯೇನೂ ಅಲ್ಲ. ಅವಳು ಹೊಸಿಲ ಮೇಲೆ ನಿಂತಳು.

"ಅಕ್ಕಂದಿರೇ! ಅಣ್ಣಂದಿರೇ!"

ಬೀದಿಯ ತಿರುವಿನಿಂದ ಅವಳ ಗಂಡನದೇ ದನಿ. ಮುನಿಸಿಕೊಂಡು ಹೋದವನು ಮಾತಾಡುತ್ತ ಮನೆಗೆ ಬರುತ್ತಿದ್ದಾನೆ ಎಂದು ಒಂದು ಗಳಿಗೆ ನಂಬಿಯೇಬಿಟ್ಟಳು. ಅಷ್ಟರಲ್ಲಿ ಬೀಗದ ಚಿತ್ರ ಹೊತ್ತ ವ್ಯಾನು ತಿರುಗಿತು.

"ಮರೀಬೇಡಿ, ನಮ್ಮ ಗುರುತು..."

ದನಿ ಅಲ್ಲಿಗೆ ತುಂಡಾಯಿತು.

"ಬೀಗ," ಎಂದಿತು ಮೂಗಿನ ದನಿಯೊಂದು.

ಜಗಲಿಯವರೆಲ್ಲ ಅಧ್ಯಕ್ಷನತ್ತ ತಿರುಗಿದರು. ಅವನ ಎರಡು ಕೈಯೂ ಹಲಗೆಗೆ ಸಿಕ್ಕಿಕೊಂಡಿದ್ದವು. "ಆಫ್ ಮಾಡೋ ಲೇ! ಅತ್ತಿಗೆ, ಮೊನ್ನೆ ಮಾಡಿಸಿದ್ದು... ನಿಲ್ಲಿಸೋಕೆ ಹೇಳೋದು ಮರ್ತೆ..." ಧ್ವನಿವರ್ಧಕದ ಅಬ್ಬರದಲ್ಲಿ ಡ್ರೈವರಿಗೆ ಏನೂ ಕೇಳಿಸಲಿಲ್ಲ.

ಆಮೇಲೆ ಕೆಮ್ಮು ಬಂತು. ಅದನ್ನು ಯಾರೂ ಕತ್ತರಿಸಿರಲಿಲ್ಲ. ಮೊದಲು ಒಂದು, ಸ್ವಲ್ಪ ತಡೆದು ಎರಡು.

ಅವಳು ಆಗಲೇ ಒಳಗೆ ಓಡಿದ್ದಳು. ಹೊರಗೆ ಬಂದಾಗ ಕೈಯಲ್ಲಿ ಕಿಟಕಿಯ ಕಟ್ಟೆಯ ಆ ಲೋಟವಿತ್ತು, ತುಂಬ ನೀರು. ಹಲಗೆ ಹೊತ್ತವರು ನಡುಬೀದಿಯಲ್ಲಿ ನಿಂತಿದ್ದರು. ಅವಳು ಒಮ್ಮೆ ಹಲಗೆಯತ್ತ, ಒಮ್ಮೆ ವ್ಯಾನಿನತ್ತ ನೋಡಿದಳು, ಯಾವ ಕಡೆ ಹೋಗಬೇಕೆಂದು ತಿಳಿಯದೆ.