ಒಲೆ ಮಗ್ಗುಲ ಜಾಗ

ಧನುರ್ಮಾಸದಲ್ಲಿ ಮನೆ ಮಾರುತ್ತೇವೆಂದರೆ ಶೆಟ್ಟಿಕೆರೆಯಲ್ಲಿ ನಗುತ್ತಾರೆ. ಆ ತಿಂಗಳು ಯಾರೂ ಹೆಣ್ಣು ನೋಡಲು ಹೊರಡುವುದಿಲ್ಲ, ಹೊಸ ಬಾಗಿಲಿಗೆ ಕಾಲಿಡುವುದಿಲ್ಲ. ಏನು ಕೇಳಿದರೂ ಸಂಕ್ರಾಂತಿ ಕಳೆಯಲಿ ಎನ್ನುವ ಊರು. ಆದರೆ ಯಮುನಾಳಿಗೆ ಸಂಕ್ರಾಂತಿಯವರೆಗೆ ಕಾಯುವ ಪುರುಸೊತ್ತಿರಲಿಲ್ಲ. ಹದಿನಾಲ್ಕರ ಮಗಳು ಚೈತ್ರಳಿಗೆ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ತಿಪಟೂರಿಗೆ ಡಯಾಲಿಸಿಸ್‌ಗೆ ಹೋಗಿ, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬರುವ ಹುಡುಗಿಯನ್ನು ನೋಡಿ ನೋಡಿ ಅವಳ ಹೊಟ್ಟೆ ಬೆಂದುಹೋಗಿತ್ತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಪುಟ್ಟದೊಂದು ಮನೆ ಗೊತ್ತಾಗಿತ್ತು. ಡಿಸೆಂಬರ್ ಮುಗಿದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಅದರ ಮಾಲೀಕ ಹೇಳಿಬಿಟ್ಟಿದ್ದ.

ಭಾಗವಾದಾಗ ತೋಟ ಭಾವನಿಗೆ ಹೋಗಿ, ಗಂಡ ನಾಗಭೂಷಣನಿಗೆ ಬಂದದ್ದು ಈ ಹಳೆ ಮನೆ ಮಾತ್ರ. ಎಂಟು ತಿಂಗಳಿಂದ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಈಗ ಹಾಸನದ ಮೇಷ್ಟ್ರು ರಂಗನಾಥ್ ಎಂಬುವರು ಫೋನು ಮಾಡಿದ್ದರು. ಕ್ರಿಸ್‌ಮಸ್ ದಿನ ಬಂದು ಮುಂಗಡ ಕೊಡುತ್ತಾರಂತೆ, ರಜೆ ಮುಗಿಯುವುದರೊಳಗೆ ರಿಜಿಸ್ಟರ್ ಆಗಬೇಕಂತೆ.

"ಶೂನ್ಯಮಾಸ್ದಲ್ಲಿ ಮನೆ ತಗಳ್ಳೋನು ಅಂದ್ರೆ ದೇವ್ರೇ ಕಳ್ಸವ್ನೆ ಕಣವ್ವ," ಎಂದ ಪಕ್ಕದ ಮನೆಯ ಗಿಡ್ಡಯ್ಯ. ಊರಿನಲ್ಲಿ ಪಂಚಾಂಗ ನೋಡಿ ಹೇಳುವವನು ಅವನೇ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆ ಕ್ಯಾತಮ್ಮ ಆ ವಾರವೇ ಹಾಸಿಗೆ ಹಿಡಿಯಬೇಕೆ? ಅಟ್ಟದ ತುಂಬ ಇನ್ನೂ ಭಾವನ ತೋಟದ ಕೊಬ್ಬರಿಯಾಗುತ್ತಿರುವ ಕಾಯಿ, ಅದರ ಕೆಳಗೆ ಒಲೆ, ಒಲೆಯ ಮಗ್ಗುಲಲ್ಲಿ ಕ್ಯಾತಮ್ಮನ ಚಾಪೆ. ಕಾಯಿಗೆ ಹೊಗೆ ತಾಗಲೆಂದು ಸುಲಿದ ಕಾಯಿಯ ಮಟ್ಟೆ ಉರಿಸುತ್ತ ನಲವತ್ತು ವರ್ಷ ಕುಳಿತ ಜಾಗ ಅದು. ಅಲ್ಲಿಯೇ ಈಗ ಅವಳ ಉಸಿರು ಎಳೆಯುತ್ತಿತ್ತು. ಡಾಕ್ಟರು ನಾಳೆಯೋ ನಾಡಿದ್ದೋ ಎಂದು ಕೈಚೆಲ್ಲಿ ಹೋಗಿದ್ದರು.

ಕ್ರಿಸ್‌ಮಸ್ಸಿನ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಗಿಡ್ಡಯ್ಯ ಪಂಚಾಂಗ ಹಿಡಿದುಕೊಂಡೇ ಬಂದ.

"ಇವತ್ತಿಂದ ಧನಿಷ್ಠಾ ಪಂಚಕ. ಐದು ದಿನ. ಇದ್ರೊಳ್ಗೆ ಮನೆಯಾಗೆ ಜೀವ ಹೋದ್ರೆ ಬಾಗ್ಲಿಗೆ ಮುಳ್ಳು ಹಾಕಿ ಆರು ತಿಂಗ್ಳು ಮನೆ ಬುಡ್ಬೇಕು. ಆಮೇಲೆ ಆ ಮೇಷ್ಟ್ರಲ್ಲ, ಅವ್ರಪ್ಪನೂ ಈ ಮನೆ ಮುಟ್ಟಾಕಿಲ್ಲ."

"ಅದ್ಕೇನ್ ಮಾಡಾಣ?" ಎಂದ ನಾಗಭೂಷಣ.

ಗಿಡ್ಡಯ್ಯ ಹಿತ್ತಲಿನ ಕಾಯಿ ಸುಲಿಯುವ ಶೆಡ್ಡಿನ ಕಡೆ ನೋಡಿದ. ನಾಗಭೂಷಣ ತಲೆ ತಗ್ಗಿಸಿಕೊಂಡು ಬೀದಿಗೆ ನಡೆದುಬಿಟ್ಟ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಬೀದಿಯೊಂದು ಇರುತ್ತದೆ. ಯಮುನಾಳಿಗೆ ಒಳಕೋಣೆ ಇತ್ತು. ಅಲ್ಲಿ ಡಯಾಲಿಸಿಸ್ ಮುಗಿಸಿ ಬಂದ ಚೈತ್ರ ಬಾತ ಮುಖ ಗೋಡೆಗೆ ಮಾಡಿ ಮಲಗಿದ್ದಳು. ಅವಳನ್ನು ಒಮ್ಮೆ ನೋಡಿ ಬಂದು, ಯಮುನಾ ಮಂಚವನ್ನು ಶೆಡ್ಡಿಗೆ ಹಾಕಿಸಿದಳು.

ಸಂಜೆ ಕ್ಯಾತಮ್ಮನನ್ನು ಎತ್ತುವಾಗ ತೂಕವೇ ಇರಲಿಲ್ಲ. ಎಚ್ಚರ ಮಾತ್ರ ಇತ್ತು.

"ಎಲ್ಲಿಗ್ ಕರ್ಕೊಂಡ್ ಹೋಯ್ತೀಯೇ ಯಮುನಿ?"

"ಬಿಸ್ಲು ಕಾಯಿಸ್ಕೊಳಾಕೆ ಕಣತ್ತೆ."

"ಹೊತ್ತು ಮುಳುಗ್ತಾ ಐತಲ್ಲೇ. ಒಲೆ ತಾವೇ ಇರ್ತೀನಿ ಬುಡು, ಬೆಚ್ಚಗೈತೆ."

ಯಮುನಾಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕಾಲು ನಿಲ್ಲಲಿಲ್ಲ. ಎರಡು ಕಂಬಳಿ ಹೊದಿಸಿದಳು. ಶೆಡ್ಡಿಗೆ ಮೂರೇ ಗೋಡೆ, ನಾಲ್ಕನೆಯ ಕಡೆಯಿಂದ ಗಾಳಿ ಸುಯ್ಯೆಂದು ಬರುತ್ತಿತ್ತು. ಒಣ ಮಟ್ಟೆ ಒಟ್ಟಿದ ಜಾಗ, ಬೆಂಕಿ ಹಾಕುವಂತಿಲ್ಲ. ಅಂಗೈಯಿಂದ ಅತ್ತೆಯ ಪಾದ ಉಜ್ಜುತ್ತ ಕುಳಿತಳು. ಕ್ಯಾತಮ್ಮ ಇನ್ನೊಮ್ಮೆ ಕೇಳಿದ್ದು ಒಲೆಯನ್ನೇ. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿದ್ದಳು.

ಹತ್ತು ಗಂಟೆಗೆ ಕಾರು ಬಂತು. ಬರಬೇಡಿ ಎಂದು ಹೇಳಲು ಯಾರಿಗೂ ತೋಚಿರಲಿಲ್ಲ. ನೆರೆದ ಜನ ನೋಡಿ ರಂಗನಾಥ್ ಚಪ್ಪಲಿ ಬಿಟ್ಟು ಶೆಡ್ಡಿನ ಹತ್ತಿರ ಬಂದು ಕೈಮುಗಿದರು. ನಾಗಭೂಷಣ ಅಳುವುದನ್ನು ಬಿಟ್ಟು ಅವರ ಹಿಂದೆ ಓಡಿದ.

"ಮನೆ ಒಳ್ಗೆ ಆಗ್ಲಿಲ್ಲ ಸಾರ್. ಆಚೆ, ಇಲ್ಲೇ. ನಿನ್ನೆನೇ ಇಲ್ಲಿಗೆ ತಂದು ಮಲಗ್ಸಿದ್ವಿ. ಪಂಚಕದ ದೋಷ ಮನೆಗೆ ತಟ್ಟಾಕಿಲ್ಲ, ಬೇಕಾದ್ರೆ ಗಿಡ್ಡಯ್ಯನ್ನ ಕೇಳಿ."

ರಂಗನಾಥ್ ಅವನ ಮುಖ ನೋಡಿದರು. ಮೂರು ಗೋಡೆಯ ಶೆಡ್ಡು ನೋಡಿದರು.

"ಅಂದ್ರೆ, ಈ ಮನೆ ವ್ಯಾಪಾರಕ್ಕೋಸ್ಕರ ಅಜ್ಜೀನ ಈ ಚಳೀಲಿ ಹೊರಗೆ ಹಾಕಿದ್ರಾ?"

ನಾಗಭೂಷಣ ಗಿಡ್ಡಯ್ಯನ ಕಡೆ ತಿರುಗಿದ.

"ನಕ್ಷತ್ರ, ದೋಷ ಎಲ್ಲ ನೋಡೋನಾಗಿದ್ರೆ ನಾನು ಧನುರ್ಮಾಸದಲ್ಲಿ ಮನೆ ತಗೊಳ್ಳೋಕೆ ಬರ್ತಿದ್ನೇನ್ರೀ? ಒಂದು ಮಾತು ನನ್ನ ಕೇಳ್ಬಾರ್ದಾಗಿತ್ತಾ?" ಅವರ ದನಿ ತಗ್ಗಿತು. "ಆಯ್ತು, ಕಾರ್ಯ ಮುಗಿಸ್ಕೊಳ್ಳಿ. ಮಾತು ಮಾತೇ. ಸೋಮವಾರ ರಿಜಿಸ್ಟ್ರೇಷನ್ನು."

ಮನೆ ಹೋಯಿತು, ಮಗಳಿಗೆ ಮನೆ ಸಿಕ್ಕಿತು. ಯಮುನಾ ಬಯಸಿದ್ದು ಇದನ್ನೇ. ಆದರೆ ಮೇಷ್ಟ್ರ ಆ ಒಂದು ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಊರಿಗೆ ಊರೇ ನಕ್ಕ ತಿಂಗಳಲ್ಲಿ ಬಂದ ಮನುಷ್ಯ. ಅವನೆಂಥವನೆಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು.

ಅವಳು ಒಳಗೆ ಹೋದಳು. ಒಲೆಯಲ್ಲಿ ಕೆಂಡವಿತ್ತು. ಮಗ್ಗುಲಲ್ಲಿ ಚಾಪೆ ಹಾಸಿದಂತೆಯೇ ಇತ್ತು. ಹಂಡೆ ಏರಿಸಿ ಉರಿ ಮಾಡಿ, ಹೆಣಕ್ಕೆ ನೀರು ಹಾಕಲು ಒಂದೊಂದೇ ಕೊಡ ಹೊತ್ತು ತಂದಳು. ಅಂಗಳದಲ್ಲಿ ಮಲಗಿಸಿದ್ದ ಅತ್ತೆಯ ಪಾದಕ್ಕೇ ಮೊದಲು ಸುರಿದಳು. ಮೂರು ಕೊಡವಾಯಿತು, ಐದಾಯಿತು.

"ಸಾಕು ಕಣವ್ವ," ಎಂದ ಗಿಡ್ಡಯ್ಯ. "ಶಾಸ್ತ್ರಕ್ಕೆ ಇಷ್ಟಾದ್ರೆ ಆಯ್ತು."

"ಅತ್ತೆಗೆ ಚಳಿ ಕಣ್ಮಾವ," ಎಂದಳು ಯಮುನಾ, ಖಾಲಿ ಕೊಡ ಹಿಡಿದು ಮತ್ತೆ ಒಳಗೆ ಹೋದಳು.